ಬಾಗಿದ ಅಲ್ಟ್ರಾವೈಡ್ ಗೇಮಿಂಗ್ ಮಾನಿಟರ್: ತುಮಕೂರಿನಲ್ಲಿದ್ದುಕೊಂಡು ಆರಿಸುವ, ಕಾಯುವ ಮತ್ತು ಪರೀಕ್ಷಿಸಿ ಪಡೆಯುವ ಕ್ರಮ

ಅಲ್ಟ್ರಾವೈಡ್ ಎಂದರೆ ಸಾಮಾನ್ಯ ಪರದೆಗಿಂತ ಹೆಚ್ಚು ಅಗಲವಾದ ಪರದೆ. ಅಂಥ ಮಾನಿಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಹರ್ಟ್ಜ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಅಂಕಿ) ಎಷ್ಟು, ಬಾಗು ಎಷ್ಟು, ಬೆಲೆ ಎಷ್ಟು ಎಂಬ ಮೂರು ಅಂಕಿಗಳನ್ನು ಮೊದಲು ನೋಡುತ್ತಾರೆ. ಆದರೆ ಪರದೆ ಮನೆಗೆ ಬಂದ ಮೇಲೆ ಅದು ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮೇಜಿನ ಆಳ, ಕೋಣೆಯ ಬೆಳಕು, ಈಗಾಗಲೇ ಇರುವ ಗ್ರಾಫಿಕ್ಸ್ ಕಾರ್ಡು ಮತ್ತು ನೀವು ನಿಜವಾಗಿ ಆಡುವ ಆಟಗಳು. ಈ ನಾಲ್ಕನ್ನೂ ಹಣ ಕೊಡುವ ಮೊದಲೇ, ಮನೆಯಲ್ಲಿ, ಹೆಚ್ಚಿನ ಖರ್ಚಿಲ್ಲದೆ ಪರೀಕ್ಷಿಸಬಹುದು. ತುಮಕೂರಿನ ಅಂಗಡಿಗಳಲ್ಲಿ 22ರಿಂದ 27 ಇಂಚಿನ ಮಾನಿಟರ್‌ಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆಯೇ ಹೊರತು 34 ಇಂಚಿನ ಬಾಗಿದ ಪರದೆಯೊಂದು ಚಾಲೂ ಸ್ಥಿತಿಯಲ್ಲಿ ನೋಡಲು ಸಿಗುವುದು ಅಪರೂಪ. ಹಾಗಾಗಿ ಮುಂಗಡ ಕೊಟ್ಟು ತರಿಸಿದರೂ, ಆನ್‌ಲೈನಿನಲ್ಲಿ ಕೊಂಡರೂ ಕೆಲವು ದಿನ ಕಾಯುವುದು ತಪ್ಪುವುದಿಲ್ಲ. ಆ ದಿನಗಳನ್ನು ಆಯ್ಕೆಯ ಕೆಲಸಕ್ಕೇ ಬಳಸಿಕೊಳ್ಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದೆ.

ಮೊದಲ ಹಂತ: ಮೇಜು ಮತ್ತು ಗೋಡೆಯನ್ನು ಅಳೆಯುವುದು

ಇಂಚಿನ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಅದು ಕರ್ಣದ ಅಳತೆ. 34 ಇಂಚಿನ 21:9 (ಅಗಲ-ಎತ್ತರದ ಅನುಪಾತ) ಪರದೆಯ ಅಗಲ ಸುಮಾರು 80 ಸೆಂಟಿಮೀಟರ್, ಎತ್ತರ ಸುಮಾರು 33 ಸೆಂಟಿಮೀಟರ್. ಇದು ಸಾಮಾನ್ಯ 27 ಇಂಚಿನ ಪರದೆಯಷ್ಟೇ ಎತ್ತರವಿದ್ದು, ಅದಕ್ಕಿಂತ 20 ಸೆಂಟಿಮೀಟರ್ ಹೆಚ್ಚು ಅಗಲವಿರುತ್ತದೆ. 29 ಇಂಚಿನ ಅಲ್ಟ್ರಾವೈಡ್ ಎಂದು ಮಾರುವ ಪರದೆಯ ಎತ್ತರ 24 ಇಂಚಿನ ಹಳೆಯ ಮಾನಿಟರಿಗಿಂತ ಒಂದು ಸೆಂಟಿಮೀಟರಿನಷ್ಟು ಕಡಿಮೆಯೇ ಇರುತ್ತದೆ. ದೊಡ್ಡದನ್ನು ತಂದೆವೆಂದುಕೊಂಡವರಿಗೆ ಅದು ಗಿಡ್ಡವಾಗಿ ಕಾಣುವುದು ಇದೇ ಕಾರಣಕ್ಕೆ. ಇನ್ನು 49 ಇಂಚಿನ 32:9 ಪರದೆಯೆಂದರೆ 27 ಇಂಚಿನ ಎರಡು ಮಾನಿಟರ್‌ಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟಷ್ಟು, ಅಂದರೆ 120 ಸೆಂಟಿಮೀಟರ್ ಅಗಲ.

ಅಗಲಕ್ಕಿಂತ ಆಳ ಮುಖ್ಯ. ಕಣ್ಣಿನಿಂದ ಪರದೆಗೆ ಕನಿಷ್ಠ 65ರಿಂದ 80 ಸೆಂಟಿಮೀಟರ್ ಅಂತರವಿರಬೇಕು; ಇಲ್ಲದಿದ್ದರೆ ಎರಡು ತುದಿಗಳನ್ನು ನೋಡಲು ಕತ್ತು ತಿರುಗಿಸುತ್ತಲೇ ಇರಬೇಕಾಗುತ್ತದೆ. ಓದುವ ಮೇಜುಗಳು ಬಹುಪಾಲು 60 ಸೆಂಟಿಮೀಟರ್ ಆಳದವು. ಬಾಗಿದ ಪರದೆಗಳ ಸ್ಟ್ಯಾಂಡಿನ ಕಾಲುಗಳು ಮುಂದಕ್ಕೆ ಚಾಚಿಕೊಂಡಿರುವುದರಿಂದ ಕೀಬೋರ್ಡಿಗೆ ಉಳಿಯುವ ಜಾಗ ಇನ್ನೂ ಕಡಿಮೆಯಾಗುತ್ತದೆ. ರಟ್ಟಿನ ಹಾಳೆಯೊಂದನ್ನು 80 × 33 ಸೆಂಟಿಮೀಟರ್ ಅಳತೆಗೆ ಕತ್ತರಿಸಿ, ಮೇಜಿನ ಹಿಂದಿನ ಅಂಚಿನಿಂದ 15 ಸೆಂಟಿಮೀಟರ್ ಮುಂದೆ ನಿಲ್ಲಿಸಿ, ಎರಡು ದಿನ ಹಾಗೆಯೇ ಬಿಟ್ಟು ಕುಳಿತು ನೋಡಿ. ಜಾಗ ಸಾಲದೆನಿಸಿದರೆ ಎರಡು ದಾರಿಗಳಿವೆ: ಬಡಗಿಯಿಂದ ಮೇಲಿನ ಹಲಗೆಯನ್ನು 75 ಸೆಂಟಿಮೀಟರಿಗೆ ಹಿಗ್ಗಿಸಿಕೊಳ್ಳುವುದು, ಇಲ್ಲವೇ ಮೇಜಿನ ಅಂಚಿಗೆ ಬಿಗಿಯುವ ಮಾನಿಟರ್ ಆರ್ಮ್ ಹಾಕಿಸುವುದು. ಆರ್ಮ್ ಎಂದಾದರೆ ಪರದೆಯ ಹಿಂಭಾಗದಲ್ಲಿ 100 × 100 ಮಿಲಿಮೀಟರಿನ ವೆಸಾ ರಂಧ್ರಗಳು (ಆರ್ಮ್ ಬಿಗಿಯಲು ಬೇಕಾದ ತಿರುಪು ರಂಧ್ರಗಳು) ಇವೆಯೇ, ಸ್ಟ್ಯಾಂಡ್ ಕಳಚಿದ ಮೇಲಿನ ತೂಕವನ್ನು ಆ ಆರ್ಮ್ ತಡೆಯುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಬಾಗಿದ ಪರದೆಯ ಭಾರ ಮುಂದಕ್ಕೆ ಎಳೆಯುತ್ತದೆ. ತೂಕದ ಮಿತಿಯ ಅಂಚಿನಲ್ಲಿರುವ ಅಗ್ಗದ ಆರ್ಮ್ ಕೆಲವೇ ತಿಂಗಳಲ್ಲಿ ತಲೆ ಬಾಗಿಸುತ್ತದೆ. ಪಾರ್ಟಿಕಲ್ ಬೋರ್ಡಿನ ಮೇಜಾಗಿದ್ದರೆ ಕ್ಲ್ಯಾಂಪಿನ ಕೆಳಗೆ ಮತ್ತು ಮೇಲೆ ಗಟ್ಟಿ ಪ್ಲೈವುಡ್ ತುಂಡು ಇಡಿಸಬೇಕು.

ಕೋಣೆಯ ಬೆಳಕನ್ನೂ ಇದೇ ಹಂತದಲ್ಲಿ ಗಮನಿಸಿ. ಸಂಜೆ ನಾಲ್ಕರ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರ ಪರದೆಗೆ ಬೀಳುವಂತಿದೆಯೇ, ಟ್ಯೂಬ್‌ಲೈಟ್ ಕುರ್ಚಿಯ ಬೆನ್ನಹಿಂದಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಪ್ಯಾನೆಲ್ (ಚಿತ್ರ ಮೂಡಿಸುವ ಪದರ) ಆರಿಸುವಾಗ ಈ ಟಿಪ್ಪಣಿ ಬೇಕಾಗುತ್ತದೆ.

ಎರಡನೆಯ ಹಂತ: ಪಿಕ್ಸೆಲ್‌ಗಳ ಲೆಕ್ಕ

34 ಇಂಚಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪರದೆಗಳು ಮಾರುಕಟ್ಟೆಯಲ್ಲಿವೆ. 2560 × 1080 ಪಿಕ್ಸೆಲ್‌ಗಳದ್ದು ಅಗ್ಗ, ಆದರೆ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್ ಮಾತ್ರ ಇರುವುದರಿಂದ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ಒತ್ತಕ್ಷರ, ದೀರ್ಘ, ಗುಡಿಸುಗಳ ಸಣ್ಣ ಸುರುಳಿಗಳಿರುವ ಕನ್ನಡ ಲಿಪಿಯಲ್ಲಿ ಈ ಒರಟುತನ ಬೇಗ ಕಣ್ಣಿಗೆ ಬೀಳುತ್ತದೆ. 3440 × 1440 ಪಿಕ್ಸೆಲ್‌ಗಳ ಪರದೆಯಲ್ಲಿ ಇಂಚಿಗೆ ಸುಮಾರು 110 ಪಿಕ್ಸೆಲ್ ಇರುತ್ತವೆ. ಬಜೆಟ್ ಸಾಲದಿದ್ದರೆ 34 ಇಂಚಿನ 1080 ಸಾಲಿನ ಪರದೆಗಿಂತ 27 ಇಂಚಿನ 2560 × 1440 ಸಾಮಾನ್ಯ ಪರದೆಯನ್ನು ಕೊಳ್ಳುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. 45 ಇಂಚಿನ ಕೆಲವು ದುಬಾರಿ ಬಾಗಿದ ಪರದೆಗಳಲ್ಲೂ ಇದೇ 3440 × 1440 ಪಿಕ್ಸೆಲ್‌ಗಳನ್ನೇ ಹಿಗ್ಗಿಸಿರುವುದರಿಂದ ಸಾಂದ್ರತೆ ಮತ್ತೆ 83ರ ಆಸುಪಾಸಿಗೆ ಇಳಿಯುತ್ತದೆ ಎಂಬುದನ್ನು ಹೆಚ್ಚು ಹಣ ಇಟ್ಟುಕೊಂಡವರು ಗಮನಿಸಬೇಕು.

ಮೂರನೆಯ ಹಂತ: ಆಟಗಳ ಪಟ್ಟಿ

ಎಲ್ಲ ಆಟಗಳೂ ಅಗಲ ಪರದೆಯನ್ನು ತುಂಬುವುದಿಲ್ಲ. ಫೋರ್ಜಾ ಹೊರೈಜನ್ 5, ಸೈಬರ್‌ಪಂಕ್ 2077, ಯೂರೋ ಟ್ರಕ್ ಸಿಮ್ಯುಲೇಟರ್ 2 ಮೊದಲಾದವು 21:9ರಲ್ಲಿ ನಿಜವಾಗಿಯೂ ಎಡಬಲಕ್ಕೆ ಹೆಚ್ಚು ದೃಶ್ಯವನ್ನು ತೋರಿಸುತ್ತವೆ; ಕಾರು ಅಥವಾ ಲಾರಿಯ ಆಟಗಳಲ್ಲಿ ಪಕ್ಕದ ಕನ್ನಡಿಯೂ ರಸ್ತೆಯೂ ಒಟ್ಟಿಗೆ ಕಾಣುವ ಸುಖ ಬೇರೆ ಪರದೆಯಲ್ಲಿಲ್ಲ. ಆದರೆ ವ್ಯಾಲೊರಂಟ್ ಆಟದ ದೃಶ್ಯ ಸಾಮಾನ್ಯ ಪರದೆಯ ಅನುಪಾತವಾದ 16:9ಕ್ಕೆ ಸೀಮಿತವಾಗಿದೆ. ಎಲ್ಡೆನ್ ರಿಂಗ್ ಕೂಡ ಕಂಪ್ಯೂಟರಿನಲ್ಲಿ 16:9ಕ್ಕೆ ಮತ್ತು ಸೆಕೆಂಡಿಗೆ 60 ಚಿತ್ರಗಳಿಗೆ ಕಟ್ಟಿಹಾಕಲ್ಪಟ್ಟಿದೆ. ಇಂಥ ಆಟಗಳಲ್ಲಿ 3440ರ ಪರದೆಯ ಎರಡೂ ಬದಿಗೆ ತಲಾ 440 ಪಿಕ್ಸೆಲ್ ಅಗಲದ ಕಪ್ಪು ಪಟ್ಟಿ ಉಳಿಯುತ್ತದೆ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ ಅಲ್ಟ್ರಾವೈಡ್ ಚಿತ್ರವನ್ನು ಕಳುಹಿಸುವುದಿಲ್ಲ. ದಿನದ ಆಟವೆಲ್ಲ ವ್ಯಾಲೊರಂಟ್ ಅಥವಾ ಪ್ಲೇಸ್ಟೇಷನ್ ಆಗಿರುವವರು ಇಲ್ಲಿಗೇ ನಿಲ್ಲಿಸಿ, ಅದೇ ಹಣದಲ್ಲಿ ವೇಗದ 27 ಇಂಚಿನ ಚಪ್ಪಟೆ ಪರದೆ ಕೊಳ್ಳುವುದು ವಿವೇಕ.

ಅಗಲದ ರುಚಿ ನೋಡಲು ಈಗಿರುವ ಮಾನಿಟರೇ ಸಾಕು. 1920 × 1080ರ ಪರದೆಯಿದ್ದರೆ ಗ್ರಾಫಿಕ್ಸ್ ಡ್ರೈವರಿನ ಕಸ್ಟಮ್ ರೆಸಲ್ಯೂಷನ್ ಆಯ್ಕೆಯಲ್ಲಿ 1920 × 804 ಎಂದು ಸೇರಿಸಿ, ಸ್ಕೇಲಿಂಗ್ ಬೇಡವೆಂದು ಗುರುತು ಹಾಕಿ, ಆಟದೊಳಗೆ ಆ ಅಳತೆಯನ್ನು ಆರಿಸಿ. ಮೇಲೂ ಕೆಳಗೂ ಕಪ್ಪಾಗಿ, ನಡುವೆ ಅಲ್ಟ್ರಾವೈಡಿನ ಅದೇ ಅನುಪಾತದ ದೃಶ್ಯ ಕಾಣುತ್ತದೆ. ಗಾತ್ರ ಚಿಕ್ಕದಾದರೂ, ಆಟವು ಬದಿಗಳಲ್ಲಿ ಹೊಸದನ್ನು ತೋರಿಸುತ್ತಿದೆಯೋ ಅಥವಾ ಮೇಲೆ ಕೆಳಗೆ ಕತ್ತರಿಸಿ ಕೊಡುತ್ತಿದೆಯೋ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ನಾಲ್ಕನೆಯ ಹಂತ: ಗ್ರಾಫಿಕ್ಸ್ ಕಾರ್ಡಿನ ಪರೀಕ್ಷೆ

1920 × 1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 2560 × 1440ರಲ್ಲಿ 36.9 ಲಕ್ಷ, 3440 × 1440ರಲ್ಲಿ 49.5 ಲಕ್ಷ. ಅಂದರೆ 1080ರಿಂದ ನೇರ ಅಲ್ಟ್ರಾವೈಡಿಗೆ ಹಾರುವವರ ಕಾರ್ಡು ಎರಡೂವರೆ ಪಟ್ಟಿಗೆ ಹತ್ತಿರದ ಕೆಲಸ ಮಾಡಬೇಕಾಗುತ್ತದೆ. ಇದನ್ನು ಊಹಿಸುವ ಬದಲು ಅಳೆಯಲು ಒಂದು ಉಪಾಯವಿದೆ. ಎನ್ವಿಡಿಯಾ ಕಾರ್ಡಿದ್ದರೆ ಕಂಟ್ರೋಲ್ ಪ್ಯಾನೆಲಿನ 3ಡಿ ಸೆಟ್ಟಿಂಗ್ಸ್‌ನಲ್ಲಿ ಡಿಎಸ್ಆರ್ ಫ್ಯಾಕ್ಟರ್ಸ್ ಎಂಬಲ್ಲಿ 2.25 ಪಟ್ಟು ಎಂಬುದನ್ನು ಆರಿಸಿ. ಆಗ 1080ರ ಮಾನಿಟರಿನಲ್ಲೇ ಆಟವನ್ನು 2880 × 1620ರಲ್ಲಿ ನಡೆಸಬಹುದು, ಅದು 46.7 ಲಕ್ಷ ಪಿಕ್ಸೆಲ್, ಅಂದರೆ ಅಲ್ಟ್ರಾವೈಡಿಗಿಂತ ಶೇಕಡಾ 6ರಷ್ಟು ಮಾತ್ರ ಕಡಿಮೆ. ಎಎಂಡಿ ಕಾರ್ಡಿನವರು ವರ್ಚುವಲ್ ಸೂಪರ್ ರೆಸಲ್ಯೂಷನ್ ಚಾಲೂ ಮಾಡಿ 3200 × 1800ರಲ್ಲಿ ಪರೀಕ್ಷಿಸಬಹುದು. ಅದು ಅಲ್ಟ್ರಾವೈಡಿಗಿಂತ ತುಸು ಭಾರ. ಎನ್ವಿಡಿಯಾದಲ್ಲಿ ಸೆಕೆಂಡಿಗೆ ಬಂದ ಚಿತ್ರಗಳ ಅಂಕಿಯಿಂದ ಶೇಕಡಾ 10ರಷ್ಟನ್ನು ಕಳೆಯಿರಿ. ಬದಿಗಳಲ್ಲಿ ಹೆಚ್ಚು ದೃಶ್ಯ ಬರುವುದರಿಂದ ಪ್ರೊಸೆಸರಿನ ಮೇಲೂ ಒಂದಿಷ್ಟು ಹೊರೆ ಬೀಳುತ್ತದೆ.

ಉಳಿದ ಅಂಕಿ ಸೆಕೆಂಡಿಗೆ 60ಕ್ಕಿಂತ ಕೆಳಗಿದ್ದರೆ ಗಾಬರಿಪಡಬೇಕಿಲ್ಲ. ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎನ್ವಿಡಿಯಾದ ಡಿಎಲ್ಎಸ್ಎಸ್ ತಂತ್ರದ ಕ್ವಾಲಿಟಿ ಆಯ್ಕೆಯಲ್ಲಿ ಕಾರ್ಡು ನಿಜವಾಗಿ ಬಿಡಿಸುವುದು ಸುಮಾರು 2293 × 960 ಪಿಕ್ಸೆಲ್‌ಗಳನ್ನು. ಇದು 1080ರ ಹೊರೆಗಿಂತ ಸ್ವಲ್ಪವೇ ಹೆಚ್ಚು. ಎಎಂಡಿಯ ಎಫ್ಎಸ್ಆರ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಆದರೆ 8 ಜಿಬಿ ಮೆಮೊರಿಯ ಕಾರ್ಡುಗಳಲ್ಲಿ ಹೊಸ ಆಟಗಳ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ಇಳಿಸಬೇಕಾಗಿ ಬರಬಹುದು. 12 ಜಿಬಿ ಇದ್ದವರಿಗೆ ಈ ತಾಪತ್ರಯ ಕಡಿಮೆ. ಕಾರ್ಡು ಮತ್ತು ಮಾನಿಟರ್ ಎರಡನ್ನೂ ಬದಲಾಯಿಸಲೇಬೇಕಾದ ಸ್ಥಿತಿಯಿದ್ದರೆ ಎರಡರ ಖರ್ಚನ್ನೂ ಒಟ್ಟಿಗೆ ಬರೆದು ನೋಡಿ. ಈ ಲೆಕ್ಕ ಮನೆಯವರ ಮುಂದೆ ಈಗಲೇ ಬರುವುದು, ಮಾನಿಟರ್ ಬಂದ ಮೇಲೆ ಎರಡನೆಯ ಕಂತಾಗಿ ಬರುವುದಕ್ಕಿಂತ ಒಳ್ಳೆಯದು.

ಐದನೆಯ ಹಂತ: ಬಾಗು

1800ಆರ್ ಎಂದರೆ 1800 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಣುಕು ಎಂದರ್ಥ. ಸಂಖ್ಯೆ ಚಿಕ್ಕದಾದಷ್ಟೂ ಬಾಗು ಹೆಚ್ಚು. 34 ಇಂಚಿನಲ್ಲಿ 1800ಆರ್ ಪರದೆಯ ತುದಿಗಳು ನಡುವಿಗಿಂತ ಸುಮಾರು 4.5 ಸೆಂಟಿಮೀಟರ್ ಮುಂದೆ ಬಂದಿರುತ್ತವೆ. 1000ಆರ್ ಆದರೆ 8 ಸೆಂಟಿಮೀಟರ್. ಆಟಕ್ಕೆ ಎರಡೂ ನಡೆಯುತ್ತವೆ. ಆದರೆ ಅದೇ ಪರದೆಯಲ್ಲಿ ಎಕ್ಸೆಲ್ ಹಾಳೆ, ಮನೆಯ ನಕ್ಷೆ ಅಥವಾ ಪುಟವಿನ್ಯಾಸದ ಕೆಲಸವಿದ್ದರೆ 1000ಆರ್‌ನಲ್ಲಿ ನೇರ ಗೆರೆ ಬಾಗಿದಂತೆ ತೋರುತ್ತದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಂಗಿಯೋ ಗೆಳೆಯನೋ ನೋಡುವ ಮನೆಗಳಲ್ಲೂ ಕಡಿಮೆ ಬಾಗು ಅನುಕೂಲ. ನನ್ನ ಮಟ್ಟಿಗೆ 1500ರಿಂದ 1800ಆರ್ ಸರಿಯಾದ ಜಾಗ. ಮೊದಲ ವಾರ ಕಣ್ಣು ಬಾಗನ್ನು ಹುಡುಕುತ್ತಿರುತ್ತದೆ, ಆಮೇಲೆ ಮರೆಯುತ್ತದೆ.

ಆರನೆಯ ಹಂತ: ಪ್ಯಾನೆಲ್

ಆಯ್ಕೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದುದು ಇಲ್ಲಿ. ಬಾಗಿದ ಅಲ್ಟ್ರಾವೈಡ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಪ್ಯಾನೆಲ್‌ಗಳು ಬರುತ್ತವೆ, ಮತ್ತು ಪ್ರತಿಯೊಂದಕ್ಕೂ ತನ್ನದೇ ಆದ ದೋಷವಿದೆ. ಗುಣಗಳನ್ನು ಜಾಹೀರಾತು ಹೇಳುತ್ತದೆ. ಯಾವ ದೋಷದೊಂದಿಗೆ ಬದುಕಬಲ್ಲಿರಿ ಎಂಬುದನ್ನು ನೀವೇ ಕೇಳಿಕೊಳ್ಳಬೇಕು.

ವಿಎ ಪ್ಯಾನೆಲಿನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅಂತರ) ಸಾಮಾನ್ಯವಾಗಿ 3000:1ರ ಹತ್ತಿರ ಇರುವುದರಿಂದ ರಾತ್ರಿಯ ದೃಶ್ಯದಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಬೆಲೆಯೂ ಕಡಿಮೆ. ಅದರ ದೋಷವೆಂದರೆ ಕಡುಬಣ್ಣದಿಂದ ತುಸು ತಿಳಿಬಣ್ಣಕ್ಕೆ ಹೊರಳುವಾಗ ಪಿಕ್ಸೆಲ್ ನಿಧಾನಿಸಿ, ಕತ್ತಲಿನಲ್ಲಿ ಓಡುವ ವಸ್ತುಗಳ ಹಿಂದೆ ಮಸಿ ಬಳಿದಂಥ ಜಾಡು ಉಳಿಯುವುದು. ಚಿತ್ರದ ವೇಗ ಏರಿಳಿಯುವಾಗ ಕೆಲವು ವಿಎ ಪರದೆಗಳು ಬೆಳಕಿನಲ್ಲಿ ಮಿನುಗುವುದೂ ಉಂಟು. ಐಪಿಎಸ್ ಪ್ಯಾನೆಲಿನ ಬಣ್ಣ ಮತ್ತು ಕೋನಗಳು ಚೆನ್ನ, ಪಿಕ್ಸೆಲ್‌ಗಳೂ ಹೆಚ್ಚು ಚುರುಕು. ಆದರೆ ಕಾಂಟ್ರಾಸ್ಟ್ 1000:1ರ ಆಸುಪಾಸಿನಲ್ಲಿ ನಿಲ್ಲುವುದರಿಂದ ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಯಾಗುತ್ತದೆ, ಮೂಲೆಗಳಲ್ಲಿ ಮಬ್ಬು ಹೊಳಪು ಕಾಣುತ್ತದೆ.

ಮೂರನೆಯದು ಓಎಲ್ಇಡಿ. 2022ರಲ್ಲಿ ಡೆಲ್ ಕಂಪನಿಯ ಏಲಿಯನ್‌ವೇರ್‌ನ 34 ಇಂಚಿನ ಕ್ಯುಡಿ-ಓಎಲ್ಇಡಿ (ಓಎಲ್ಇಡಿಯ ಒಂದು ಬಗೆ) ಪರದೆ ಬಂದ ಮೇಲೆ ಅಲ್ಟ್ರಾವೈಡ್ ಬಗೆಗಿನ ಮಾತೆಲ್ಲ ಇದರ ಸುತ್ತಲೇ ನಡೆಯುತ್ತಿದೆ, ಮತ್ತು ಅದಕ್ಕೆ ಕಾರಣವಿದೆ. ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಕಪ್ಪು ಎಂದರೆ ಪೂರ್ತಿ ಕಪ್ಪು, ಚಲನೆಯಲ್ಲಿ ಜಾಡೇ ಇಲ್ಲ. ಆದರೆ ಕ್ಯುಡಿ-ಓಎಲ್ಇಡಿ ಪರದೆಯ ಮೇಲೆ ಕೋಣೆಯ ಬೆಳಕು ಬಿದ್ದಾಗ ಕಪ್ಪು ಭಾಗ ನಸು ನೇರಳೆ ಬೂದಿಗೆ ತಿರುಗುತ್ತದೆ. ಸುಣ್ಣದ ಬಿಳಿ ಗೋಡೆ ಮತ್ತು ಟ್ಯೂಬ್‌ಲೈಟಿನ ಕೋಣೆಯಲ್ಲಿ ಹಗಲುಹೊತ್ತು ಆಡುವವರಿಗೆ ಅದರ ಅರ್ಧ ಸೊಗಸು ಅಲ್ಲೇ ನಷ್ಟವಾಗುತ್ತದೆ. ಮೊದಲ ಹಂತದ ಟಿಪ್ಪಣಿಯನ್ನು ಈಗ ತೆಗೆದು ನೋಡಿ. ಇದರಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳು ತ್ರಿಕೋನವಾಗಿ ಜೋಡಣೆಯಾಗಿರುವ ಕಾರಣ ಅಕ್ಷರಗಳ ಅಂಚಿನಲ್ಲಿ ಬಣ್ಣದ ಎಳೆ ಕಾಣುವುದೂ ಇದೆ. ದಿನವಿಡೀ ಓದು-ಬರಹ ಮಾಡುವವರು ಇದನ್ನು ಕಣ್ಣಾರೆ ನೋಡಿದ ಮೇಲೆಯೇ ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕದಲದೆ ನಿಂತ ಟಾಸ್ಕ್‌ಬಾರ್, ಆಟದ ನಕ್ಷೆ, ಸುದ್ದಿವಾಹಿನಿಯ ಪಟ್ಟಿ ಇತ್ಯಾದಿ ವರ್ಷಗಳಲ್ಲಿ ಅಚ್ಚೊತ್ತುವ ಅಪಾಯವಿದೆ.

ಆ ಅಪಾಯವನ್ನು ತಡೆಯಲು ಓಎಲ್ಇಡಿ ಮಾನಿಟರ್‌ಗಳು ಕೆಲವು ಗಂಟೆಗಳ ಬಳಕೆಯ ನಂತರ, ಸ್ಟ್ಯಾಂಡ್‌ಬೈ ಸ್ಥಿತಿಗೆ ಹೋದಾಗ, ಪಿಕ್ಸೆಲ್‌ಗಳನ್ನು ಸಮಗೊಳಿಸುವ ಕೆಲಸವನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಬಲವಾಗಿದೆ, ಸಿಡಿಲಿನ ಭಯದಿಂದ ಅದು ತಪ್ಪೂ ಅಲ್ಲ. ಆದರೆ ಹಾಗೆ ತಕ್ಷಣ ಆರಿಸಿದರೆ ಈ ಕೆಲಸ ನಡೆಯುವುದೇ ಇಲ್ಲ. ಓಎಲ್ಇಡಿ ತರುವುದಾದರೆ ಆಟ ಮುಗಿದ ಮೇಲೆ ಪರದೆಯ ದೀಪದ ಸೂಚನೆ ನಿಲ್ಲುವವರೆಗೆ ಸ್ವಿಚ್ ಮುಟ್ಟಬಾರದೆಂದು ಮನೆಮಂದಿಗೆಲ್ಲ ಹೇಳಿಡಬೇಕು. ವಾರಂಟಿ ಪತ್ರದಲ್ಲಿ ಅಚ್ಚೊತ್ತುವಿಕೆಯನ್ನು ಸೇರಿಸಿದೆಯೇ, ಎಷ್ಟು ವರ್ಷ ಎಂಬುದನ್ನು ಭಾರತದ ಪುಟದಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು.

ಎಚ್‌ಡಿಆರ್ (ಬೆಳಕು-ಕತ್ತಲಿನ ಅಂತರವನ್ನು ಹೆಚ್ಚಾಗಿ ತೋರಿಸುವ ಚಿತ್ರ) ಎಂಬ ಮುದ್ರೆಗೆ ಮರುಳಾಗಬೇಡಿ. ಡಿಸ್‌ಪ್ಲೇ ಎಚ್‌ಡಿಆರ್ 400 ಎಂಬ ಪ್ರಮಾಣದ ಸಾಮಾನ್ಯ ಎಲ್‌ಸಿಡಿ (ವಿಎ ಅಥವಾ ಐಪಿಎಸ್) ಪರದೆ ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತದೆಯೇ ವಿನಾ ಅದಕ್ಕೆ ತಕ್ಕ ಬೆಳಕು-ಕತ್ತಲನ್ನು ತೋರಿಸುವುದಿಲ್ಲ. ಆ ಮುದ್ರೆಗಾಗಿ ಒಂದು ಸಾವಿರ ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಏಳನೆಯ ಹಂತ: ವೇಗ ಮತ್ತು ಕೇಬಲ್

60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತದಲ್ಲಿ ಉಳಿಯುವುದು ಸುಮಾರು 10 ಮಿಲಿಸೆಕೆಂಡ್, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. 3440 × 1440ರಲ್ಲಿ 144ರಿಂದ 180 ಹರ್ಟ್ಜ್ ಬಹುಪಾಲು ಜನರಿಗೆ ಧಾರಾಳವಾಯಿತು, ಏಕೆಂದರೆ ಅದಕ್ಕಿಂತ ಹೆಚ್ಚಿನ ಚಿತ್ರಗಳನ್ನು ಕೊಡಬಲ್ಲ ಕಾರ್ಡು ಮಾನಿಟರಿಗಿಂತ ದುಬಾರಿ. ಪರದೆಯ ವೇಗವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಹೊಂದಿಕೆ ಇರಲೇಬೇಕು.

ಕೇಬಲ್ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ: ಕಂಪ್ಯೂಟರಿಗೆ ಡಿಸ್‌ಪ್ಲೇಪೋರ್ಟ್ ಬಳಸಿ. ಎಚ್‌ಡಿಎಂಐ 2.0 ಕಿಂಡಿಯಲ್ಲಿ ಇಂಥ ಪರದೆಗಳು ಸಾಮಾನ್ಯವಾಗಿ 100 ಹರ್ಟ್ಜ್‌ಗೆ ನಿಲ್ಲುತ್ತವೆ. ಮೇಲೆ ಹೇಳಿದ ಏಲಿಯನ್‌ವೇರ್‌ನ ಎಡಬ್ಲ್ಯು3423ಡಿಡಬ್ಲ್ಯು ಮಾದರಿಯೇ ಡಿಸ್‌ಪ್ಲೇಪೋರ್ಟಿನಲ್ಲಿ 175 ಹರ್ಟ್ಜ್, ಎಚ್‌ಡಿಎಂಐನಲ್ಲಿ 100 ಹರ್ಟ್ಜ್ ಕೊಡುತ್ತದೆ. ಇದೇ ಹೆಸರಿನ ಕೊನೆಗೆ ಎಫ್ ಅಕ್ಷರ ಸೇರಿದ ಮಾದರಿ 165 ಹರ್ಟ್ಜ್‌ನದು, ಅದರ ಫರ್ಮ್‌ವೇರನ್ನು (ಪರದೆಯೊಳಗಿನ ತಂತ್ರಾಂಶವನ್ನು) ಬಳಕೆದಾರರೇ ನವೀಕರಿಸಬಹುದು, ಮೊದಲನೆಯದರಲ್ಲಿ ಆ ಸೌಲಭ್ಯವಿಲ್ಲ. ಒಂದು ಅಕ್ಷರಕ್ಕೆ ಇಷ್ಟು ವ್ಯತ್ಯಾಸವಿರುವುದರಿಂದ ಅಂಗಡಿಯವರಿಗೆ ಆರ್ಡರ್ ಕೊಡುವಾಗ ಪೂರ್ತಿ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ, ರಸೀದಿಯಲ್ಲೂ ಬರೆಸಿಕೊಳ್ಳಿ.

ಎಂಟನೆಯ ಹಂತ: ನೋಡುವುದು ಎಲ್ಲಿ, ಕೊಳ್ಳುವುದು ಎಲ್ಲಿ

ಬೆಂಗಳೂರು 70 ಕಿಲೋಮೀಟರ್ ದೂರ. ಬೆಳಗಿನ ರೈಲಿಗೆ ಹೋಗಿ, ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲೋ ಎಸ್.ಪಿ. ರಸ್ತೆಯಲ್ಲೋ ಎರಡು ಮೂರು ಬಗೆಯ ಪ್ಯಾನೆಲ್‌ಗಳನ್ನು ಕಣ್ಣಾರೆ ನೋಡಿ ಸಂಜೆಗೆ ಮರಳಬಹುದು. ಹೋಗುವಾಗ ಪೆನ್‌ಡ್ರೈವಿನಲ್ಲಿ ಕನ್ನಡದ ಒಂದು ಪಿಡಿಎಫ್ ಪುಟ, ಕತ್ತಲೆಯ ದೃಶ್ಯವಿರುವ ಒಂದು ಆಟದ ವಿಡಿಯೋ ಇಟ್ಟುಕೊಂಡು ಹೋಗಿ. ಮಳಿಗೆಯವರು ಹಾಕಿರುವ ಹೊಳೆಯುವ ಹೂವು-ಮೀನುಗಳ ಚಿತ್ರ ಯಾವ ಪರದೆಯ ದೋಷವನ್ನೂ ತೋರಿಸುವುದಿಲ್ಲ.

ಕೊಳ್ಳುವುದನ್ನು ತುಮಕೂರಿನಲ್ಲೇ ಮಾಡುವುದಕ್ಕೆ ಒಂದು ಗಟ್ಟಿ ಕಾರಣವಿದೆ: ದೋಷ ಕಂಡಾಗ ಹಿಂದಿರುಗಿಸಲು ಎಂ.ಜಿ. ರಸ್ತೆಗೋ ಬಿ.ಎಚ್. ರಸ್ತೆಗೋ ಹೋದರೆ ಸಾಕು. ಆದರೆ ಅಂಗಡಿಯವರು ನಿಮಗಾಗಿ ಬೆಂಗಳೂರಿನಿಂದ ತರಿಸುವುದಾದರೆ ಮುಂಗಡ ಕೊಡುವ ಮೊದಲೇ ಮೂರು ಪ್ರಶ್ನೆ ಕೇಳಿ: ಪಿಕ್ಸೆಲ್ ದೋಷವಿದ್ದರೆ ಎಷ್ಟು ದಿನದೊಳಗೆ ಬದಲಿಸುತ್ತೀರಿ, ಪೆಟ್ಟಿಗೆಯನ್ನು ನಿಮ್ಮ ಎದುರೇ ತೆರೆದು ಚಾಲೂ ಮಾಡಬಹುದೇ, ಹೇಳಿದ ದಿನಕ್ಕೆ ಬಾರದಿದ್ದರೆ ಮುಂಗಡ ಪೂರ್ತಿ ಹಿಂತಿರುಗುತ್ತದೆಯೇ. ಆನ್‌ಲೈನಿನಲ್ಲಿ ಕೊಳ್ಳುವವರು ಕಂಪನಿಯ ಸಹಾಯವಾಣಿಗೆ ತಮ್ಮ 572ರಿಂದ ಶುರುವಾಗುವ ಪಿನ್‌ಕೋಡ್ ಹೇಳಿ, ರಿಪೇರಿಯವರು ಮನೆಗೆ ಬರುತ್ತಾರೋ ಅಥವಾ ಪರದೆಯನ್ನು ನೀವೇ ಬೆಂಗಳೂರಿಗೆ ಹೊತ್ತೊಯ್ಯಬೇಕೋ ಎಂದು ತಿಳಿದುಕೊಳ್ಳಿ. ಒಂದು ಮೀಟರಿಗೆ ಹತ್ತಿರದ ಉದ್ದದ ಪೆಟ್ಟಿಗೆ ಬೈಕಿನಲ್ಲಿ ಹೋಗುವಂಥದ್ದಲ್ಲ. ವಿದೇಶದಿಂದ ಪರಿಚಿತರ ಮೂಲಕ ತರಿಸಿದ ಪರದೆಗೆ ಇಲ್ಲಿ ವಾರಂಟಿ ದೊರೆಯದಿರುವುದೇ ಹೆಚ್ಚು, ಹಾಗಾಗಿ ಬೆಲೆ ಕಡಿಮೆಯಿದ್ದರೂ ಆ ದಾರಿ ಬೇಡ.

ಹಳೆಯ ಬೆಲೆಪಟ್ಟಿಗಳನ್ನು ನಂಬುವ ಮುನ್ನ ತೆರಿಗೆಯನ್ನು ಗಮನಿಸಿ. 32 ಇಂಚು ಮೀರಿದ ಮಾನಿಟರ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುನ್ನ 30,000 ರೂಪಾಯಿಯ ಪರದೆ ಮೊದಲು 38,400 ಆಗುತ್ತಿದ್ದದ್ದು ಈಗ 35,400 ಆಗುತ್ತದೆ. ಹಳೆಯ ದಾಸ್ತಾನಿನ ಪೆಟ್ಟಿಗೆಯ ಮೇಲಿನ ಎಂಆರ್‌ಪಿಗೆ ಹೋಲಿಸಿ ರಿಯಾಯಿತಿ ಹೇಳಿದರೆ ಈ ಅಂತರವನ್ನು ಕಳೆದು ಲೆಕ್ಕ ಹಾಕಿ. ಪೆಟ್ಟಿಗೆಯ ಚೀಟಿಯಲ್ಲಿ ತಯಾರಾದ ಅಥವಾ ಆಮದಾದ ತಿಂಗಳೂ ಇರುತ್ತದೆ.

ಒಂಬತ್ತನೆಯ ಹಂತ: ಕಾಯುವುದು

ಕಾಯುವುದರಲ್ಲಿ ಎರಡು ಬಗೆಯಿದೆ, ಅವೆರಡನ್ನೂ ಬೆರೆಸಬಾರದು. ಮೊದಲನೆಯದು, ಪ್ರಕಟವಾಗಿದ್ದರೂ ಭಾರತಕ್ಕೆ ಬಾರದ ಮಾದರಿಗಾಗಿ ಕಾಯುವುದು. ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್, ಮೇ-ಜೂನ್ ಹೊತ್ತಿಗೆ ತೈಪೆಯ ಕಂಪ್ಯೂಟೆಕ್ಸ್ ಮೇಳಗಳಲ್ಲಿ ಹೊಸ ಪರದೆಗಳ ಘೋಷಣೆ ನಡೆಯುತ್ತದೆ. ಘೋಷಣೆಯಾದದ್ದು ಅಮೆರಿಕದ ಅಂಗಡಿಗೆ ಬರಲು ತಿಂಗಳುಗಳು, ಇಲ್ಲಿಗೆ ಬರಲು ಇನ್ನೂ ಹೆಚ್ಚು ತಿಂಗಳುಗಳು ಹಿಡಿಯುತ್ತವೆ, ಕೆಲವು ಬರುವುದೇ ಇಲ್ಲ. ಅಷ್ಟರೊಳಗೆ ಮುಂದಿನ ಮೇಳ ಬಂದು ಇನ್ನೊಂದು ಘೋಷಣೆಯಾಗಿರುತ್ತದೆ. ಆದ್ದರಿಂದ ಕಾಯಲು ಶುರುಮಾಡುವ ದಿನವೇ ಕಾಯುವಿಕೆಯ ಕೊನೆಯನ್ನೂ ಬರೆದಿಡಿ: ಇಂಥ ತಿಂಗಳೊಳಗೆ ಈ ಮಾದರಿ ಭಾರತದ ಅಧಿಕೃತ ಪುಟದಲ್ಲಿ ಬೆಲೆಸಹಿತ ಕಾಣಿಸದಿದ್ದರೆ, ಪಟ್ಟಿಯಲ್ಲಿ ಎರಡನೆಯದಾಗಿರುವ ಪರದೆಯನ್ನು ಕೊಳ್ಳುವುದು. ಎರಡನೆಯ ಆಯ್ಕೆಯ ಹೆಸರು ಮೊದಲೇ ಬರೆದಿರದಿದ್ದರೆ ಈ ಗಡುವು ಪ್ರತಿ ಸಲವೂ ಮುಂದಕ್ಕೆ ಹೋಗುತ್ತದೆ. ಹೊಸ ಮಾದರಿಯ ಮೊದಲ ಕಂತಿನಲ್ಲಿ ಫರ್ಮ್‌ವೇರ್ ದೋಷಗಳಿರುವುದು ಸಾಮಾನ್ಯವಾದ್ದರಿಂದ, ಬಂದ ವಾರವೇ ಕೊಳ್ಳುವ ಆತುರವೂ ಬೇಡ.

ಎರಡನೆಯದು ಬೆಲೆ ಇಳಿಯಲೆಂದು ಕಾಯುವುದು. ದಸರಾ-ದೀಪಾವಳಿಯ ಮಾರಾಟ ದೊಡ್ಡದು, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸುತ್ತಲೂ ಇಳಿಕೆಗಳಿರುತ್ತವೆ. ಮಾರಾಟಕ್ಕೆ ಮೊದಲು ಬೆಲೆ ಏರಿಸಿ ಆಮೇಲೆ ಇಳಿಸುವ ಪರಿಪಾಠವೂ ಇರುವುದರಿಂದ, ಎರಡು ತಿಂಗಳು ಮುಂಚಿತವಾಗಿ ವಾರಕ್ಕೊಮ್ಮೆ ಬೆಲೆಯನ್ನು ಬರೆದಿಟ್ಟುಕೊಳ್ಳಿ. ಆಷಾಢದಲ್ಲಿ ಹೊಸ ಸಾಮಾನು ತರಬಾರದೆನ್ನುವ ಮನೆಗಳಲ್ಲಿ ಈ ಲೆಕ್ಕಾಚಾರವನ್ನು ಅಮ್ಮನೇ ಅರ್ಧ ಮಾಡಿಕೊಟ್ಟಿರುತ್ತಾರೆ, ಏಕೆಂದರೆ ಅದಾದ ಸ್ವಲ್ಪ ದಿನಕ್ಕೇ ಆಗಸ್ಟಿನ ಮಾರಾಟ ಬರುತ್ತದೆ.

ಕಾಯುವ ದಿನಗಳಲ್ಲಿ ವಿದ್ಯುತ್ತಿನ ಕೆಲಸ ಮುಗಿಸಿಕೊಳ್ಳಿ. ಎಲೆಕ್ಟ್ರಿಷಿಯನ್‌ನಿಂದ ಆ ಕೋಣೆಯ ಸಾಕೆಟ್ಟಿಗೆ ಅರ್ತಿಂಗ್ ನಿಜವಾಗಿ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರಕ್ಕೆ ತಂತಿಯೇ ಇರುವುದಿಲ್ಲ. ಅರ್ತಿಂಗ್ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಅದು ಹೆಚ್ಚೇನೂ ಮಾಡಲಾರದು. ಅಶ್ವಿನಿ, ಭರಣಿ ಮಳೆಯ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಳಚುವುದೇ ಭದ್ರ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ತಡೆಯುತ್ತದೆ; ಆಟದ ಹೊತ್ತಿನಲ್ಲಿ ಕಂಪ್ಯೂಟರ್ ಮತ್ತು ದೊಡ್ಡ ಪರದೆ ಸೇರಿ ಅದನ್ನು ಮೀರಬಹುದಾದ್ದರಿಂದ ಕರೆಂಟ್ ಹೋದ ಕ್ಷಣವೇ ಎಲ್ಲವೂ ಆರಿಹೋಗಬಹುದು.

ಹತ್ತನೆಯ ಹಂತ: ಪೆಟ್ಟಿಗೆ ಬಂದ ದಿನ

ಪೆಟ್ಟಿಗೆಯ ಆರು ಮುಖಗಳನ್ನೂ, ಚೀಟಿಯನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಲೇ ತೆರೆಯಿರಿ, ನಡುವೆ ನಿಲ್ಲಿಸಬೇಡಿ. ಇಬ್ಬರಿರಬೇಕು. ಸ್ಟ್ಯಾಂಡನ್ನು ಥರ್ಮಾಕೋಲಿನ ಮೇಲೆ ಪರದೆ ಮಲಗಿರುವಾಗಲೇ ಜೋಡಿಸಿ, ಆಮೇಲೆ ಹಿಂಭಾಗ ಮತ್ತು ಕೆಳ ಅಂಚಿನಲ್ಲಿ ಹಿಡಿದು ಎತ್ತಿ. ಎರಡು ಬದಿಗಳ ಮೂಲೆಯಲ್ಲಿ ಹೆಬ್ಬೆರಳೊತ್ತಿ ಎತ್ತಿದರೆ ಬಾಗಿದ ಗಾಜು ಒಳಗೇ ಬಿರುಕು ಬಿಡಬಹುದು. ಪೆಟ್ಟಿಗೆ ಮತ್ತು ಥರ್ಮಾಕೋಲನ್ನು ಹಿಂದಿರುಗಿಸುವ ಅವಧಿ ಮುಗಿಯುವವರೆಗೂ, ಸಾಧ್ಯವಾದರೆ ವಾರಂಟಿ ಮುಗಿಯುವವರೆಗೂ, ಅಟ್ಟದ ಮೇಲಿಡಿ.

ಚಾಲೂ ಮಾಡಿದ ಕೂಡಲೇ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟನ್ನು ಏರಿಸಿ. ಹಲವು ವೇಳೆ ಅದು 60ರಲ್ಲೇ ನಿಂತಿರುತ್ತದೆ, ಮತ್ತು ಎಷ್ಟೋ ಜನ ದುಬಾರಿ ಪರದೆಯನ್ನು ತಿಂಗಳುಗಟ್ಟಲೆ 60ರಲ್ಲೇ ಬಳಸುತ್ತಾರೆ. ನಂತರ ಪರದೆಯ ಮೆನುವಿನಲ್ಲಿ ಓವರ್‌ಡ್ರೈವ್ (ಪಿಕ್ಸೆಲ್‌ಗಳನ್ನು ಚುರುಕುಗೊಳಿಸುವ ಆಯ್ಕೆ) ಮಟ್ಟವನ್ನು ನಡುವಿನದಕ್ಕೆ ಇಡಿ; ಅತ್ಯಧಿಕ ಮಟ್ಟದಲ್ಲಿ ಚಲಿಸುವ ವಸ್ತುಗಳ ಹಿಂದೆ ಬೆಳ್ಳಗಿನ ನೆರಳು ಹುಟ್ಟುತ್ತದೆ. ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ತೋರಿಸಿ ಸತ್ತ ಅಥವಾ ಒಂದೇ ಬಣ್ಣದಲ್ಲಿ ಸಿಕ್ಕಿಕೊಂಡ ಪಿಕ್ಸೆಲ್‌ಗಳನ್ನು ಹುಡುಕಿ. ರಾತ್ರಿ ದೀಪ ಆರಿಸಿ ಕಪ್ಪು ಪರದೆಯನ್ನು ನೋಡಿ: ತಲೆ ಸರಿಸಿದಂತೆ ಮೂಲೆಯ ಹೊಳಪೂ ಸರಿದರೆ ಅದು ಐಪಿಎಸ್‌ನ ಸ್ವಭಾವ, ನೀವು ಎಲ್ಲಿಂದ ನೋಡಿದರೂ ಅಲ್ಲೇ ನಿಂತಿದ್ದರೆ ಹಿಂಬೆಳಕು ಸೋರುತ್ತಿದೆ, ಬದಲಿ ಕೇಳಬಹುದು. ಎಷ್ಟು ಪಿಕ್ಸೆಲ್ ದೋಷವಿದ್ದರೆ ಬದಲಿಸುತ್ತೇವೆಂಬ ನಿಯಮ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ವಾರಂಟಿಗಿಂತ ಅಂಗಡಿಯ ಅಥವಾ ಮಾರಾಟ ತಾಣದ ಹಿಂದಿರುಗಿಸುವ ಅವಧಿಯೇ ನಿಮಗೆ ಹೆಚ್ಚು ಆಸರೆ. ಎಲ್ಲ ಪರೀಕ್ಷೆಯನ್ನೂ ಮೊದಲ ಎರಡು ದಿನದೊಳಗೆ ಮುಗಿಸಿ.

ಪರದೆಯನ್ನು ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಆಯುಧಪೂಜೆಯ ದಿನ ಅರಿಶಿನ-ಕುಂಕುಮವನ್ನು ಸ್ಟ್ಯಾಂಡಿನ ಪಾದಕ್ಕೆ ಇಡುವಂತೆ ಮೊದಲೇ ಹೇಳಿಬಿಡಿ. ಓಎಲ್ಇಡಿ ಪರದೆಗಳ ಮೇಲ್ಪದರ, ಮುಖ್ಯವಾಗಿ ಕ್ಯುಡಿ-ಓಎಲ್ಇಡಿಯದು, ಉಜ್ಜಿದರೆ ಗೀರು ಬೀಳುವಂಥದ್ದು.

ದೋಷವನ್ನು ತೋರಿಸಿದರೂ ಮಾರಿದವರು ಒಪ್ಪದಿದ್ದರೆ ಬಿಲ್, ಪೆಟ್ಟಿಗೆ ತೆರೆದ ವಿಡಿಯೋ ಮತ್ತು ದೋಷದ ಚಿತ್ರಗಳೊಂದಿಗೆ ಮೊದಲು ಅವರಿಗೇ ಇಮೇಲ್ ಬರೆದು ದಾಖಲೆ ಮಾಡಿಕೊಳ್ಳಿ, ಆನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಾಟಗಾರರು ಬೇರೆ ಊರಿನಲ್ಲಿದ್ದರೂ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಅರ್ಜಿ ಸಲ್ಲಿಸಲು ಅವಕಾಶವಿದೆ.